ಹುಬ್ಬಳ್ಳಿಯಿಂದ ಜೈಪುರಕ್ಕೆ ಒಂದು ಕಾರು: 19,500 ಎಂದ ಬಾಡಿಗೆ 44,014 ಆಗಿದ್ದು, ಕೊನೆಗೆ 25,370ಕ್ಕೆ ನಿಂತಿದ್ದು

ಹುಬ್ಬಳ್ಳಿಯ ಲಾರಿ ಬುಕಿಂಗ್ ಆಫೀಸುಗಳಲ್ಲಿ ನಾನು ಹತ್ತೊಂಬತ್ತು ವರ್ಷ ಕೆಲಸ ಮಾಡಿದ್ದೇನೆ. ಹತ್ತಿ, ಮೆಣಸಿನಕಾಯಿ, ಮನೆ ಸಾಮಾನು ಎಲ್ಲವನ್ನೂ ಲೋಡ್ ಮಾಡಿಸಿದ ಅನುಭವ ಇದೆ. ಕಾರು ಕಳಿಸುವವರು ಮಾತ್ರ ನಮ್ಮ ಹತ್ತಿರ ಸಾಮಾನ್ಯವಾಗಿ ಬರುವುದು ಏನೋ ಎಡವಟ್ಟಾದ ಮೇಲೆ. ಈ ಕುಟುಂಬವೂ ಹಾಗೇ ಬಂತು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಬ್ಯಾಂಕು, ಸಾಗಣೆ ಕಂಪನಿ ಯಾವುದನ್ನೂ ಹೇಳುವುದಿಲ್ಲ. ಲೆಕ್ಕ ಮಾತ್ರ ಪೂರ್ತಿ ಕೊಡುತ್ತೇನೆ. ಕಾರು ಕಳಿಸುವವರಿಗೆ ಬೇಕಾಗಿರುವುದೂ ಆ ಲೆಕ್ಕವೇ ಅಲ್ವಾ.

ಹಿನ್ನೆಲೆ

ಮೇಡಂ ಸರ್ಕಾರಿ ಬ್ಯಾಂಕಿನಲ್ಲಿ ಅಧಿಕಾರಿ. ಮೇ ತಿಂಗಳ ಕೊನೆಗೆ ಪ್ರಮೋಷನ್ ಜೊತೆ ಜೈಪುರಕ್ಕೆ ವರ್ಗಾವಣೆ ಆಯಿತು. ಕನಿಷ್ಠ ಮೂರು ವರ್ಷ ಅಲ್ಲಿರಬೇಕು. ಯಜಮಾನರು ಇಲ್ಲಿಯ ಶಾಲೆಯೊಂದರಲ್ಲಿ ಮೇಷ್ಟ್ರು, ಅವರು ಇಲ್ಲೇ ಉಳಿಯುವವರು. ಕಾರು 2019ರ ಪೆಟ್ರೋಲ್ ಗಾಡಿ, ಚಿಕ್ಕ ಎಸ್‌ಯುವಿ. ಇನ್ಶೂರೆನ್ಸ್ ಪತ್ರದಲ್ಲಿ ಅದರ ಬೆಲೆ 6,20,000 ರೂಪಾಯಿ.

ಮೊದಲು ಓಡಿಸಿಕೊಂಡು ಹೋಗುವ ಮಾತು ನಡೆದಿತ್ತು. ಹುಬ್ಬಳ್ಳಿಯಿಂದ ಜೈಪುರ ಸುಮಾರು 1,700 ಕಿಲೋಮೀಟರ್. ಪೆಟ್ರೋಲಿಗೇ ಹನ್ನೊಂದು ಸಾವಿರದ ಮೇಲೆ ಬೇಕು. ಅದಕ್ಕೆ ಟೋಲ್, ಎರಡು ರಾತ್ರಿಯ ರೂಮು, ಊಟ, ಡ್ರೈವರ್ ಭತ್ಯೆ, ಅವನ ವಾಪಸ್ ಟಿಕೆಟ್ ಎಲ್ಲ ಸೇರಿಸಿದರೆ 26,000 ದಾಟುತ್ತಿತ್ತು. ರೈಲಿನಲ್ಲಿ ಬೈಕ್ ಕಳಿಸಿದ ಹಾಗೆ ಒಂದೇ ಕಾರನ್ನು ಕಳಿಸುವುದು ನಡೆಯುವ ಮಾತಲ್ಲ. ರೈಲ್ವೆಯಲ್ಲಿ ಕಾರು ಹೋಗುವುದು ಬಹುತೇಕ ಕಂಪನಿಗಳ ಹೊಸ ಕಾರುಗಳು, ಅದೂ ಇಡೀ ರೇಕ್, ಅಂದರೆ ಪೂರ್ತಿ ಗೂಡ್ಸ್ ರೈಲಿನ ಲೆಕ್ಕದಲ್ಲಿ. ಹಾಗಾಗಿ ಉಳಿದ ದಾರಿ ಹಲವು ಕಾರು ಒಟ್ಟಿಗೆ ಒಯ್ಯುವ ಕಾರ್ ಕ್ಯಾರಿಯರ್ ಟ್ರೈಲರ್ ಒಂದೇ.

ಸಮಸ್ಯೆ

ಯಜಮಾನರು ಒಂದು ವೆಬ್‌ಸೈಟಿನಲ್ಲಿ ಫೋನ್ ನಂಬರ್ ಹಾಕಿದರು. ಅರ್ಧ ಗಂಟೆಯಲ್ಲಿ ಏಳು ಕಡೆಯಿಂದ ಫೋನ್ ಬಂತು. ಒಬ್ಬರು 12,500ಕ್ಕೆ "ಎಲ್ಲಾ ಸೇರಿ" ಎಂದರು. ಇನ್ನೊಬ್ಬರು 19,500 ಎಂದರು. ಇಷ್ಟು ವ್ಯತ್ಯಾಸ ಕಂಡಾಗ ಯಾರಾದರೂ ಕಡಿಮೆ ಹೇಳಿದವರ ಕಡೆಗೇ ವಾಲುತ್ತಾರೆ. ಇವರೂ ವಾಲಿದರು. 3,000 ರೂಪಾಯಿ ಮುಂಗಡ ಕಳಿಸಿದರು.

ನಾಲ್ಕನೇ ದಿನ ಬೆಳಗ್ಗೆ ಮನೆಗೆ ಒಬ್ಬ ಹುಡುಗ ಬಂದ. ಟ್ರೈಲರ್ ಇಲ್ಲ. ಕೈಯಲ್ಲಿ ಒಂದು ಚೀಟಿ, ಭುಜಕ್ಕೆ ಬ್ಯಾಗು. "ಗಾಡಿ ಬೆಂಗಳೂರಿಗೆ ಓಡಿಸ್ಕೊಂಡು ಹೋಗ್ತೀನಿ, ಅಲ್ಲಿಂದ ಲೋಡ್ ಆಗ್ತದೆ" ಎಂದ. ಚೀಟಿಯ ಮೇಲಿದ್ದ ಕಂಪನಿಯ ಹೆಸರೇ ಬೇರೆ. ಅದೇ ಹೊತ್ತಿಗೆ ಫೋನಿನಲ್ಲಿ ಪಿಕಪ್ ಚಾರ್ಜು, ಇನ್ಶೂರೆನ್ಸ್, ಜಿಎಸ್‌ಟಿ ಬೇರೆ ಕೊಡಬೇಕು ಎಂಬ ಮಾತು ಬಂತು.

ಮೇಡಂ ಕೀಲಿ ಕೊಡಲಿಲ್ಲ. ಈ ಪ್ರಕರಣದ ಮೊದಲ ತಿರುವು ಇದು. ಮನೆಯಲ್ಲಿ ಬೇರೆಯವರು "ಮುಂಗಡ ಕೊಟ್ಟಾಗಿದೆ, ಹೋಗಲಿ ಬಿಡು" ಎಂದರಂತೆ. ಆ 3,000 ವಾಪಸ್ ಬರಲಿಲ್ಲ. ಆದರೂ ಅವತ್ತು ಅವರು ತೆಗೆದುಕೊಂಡ ತೀರ್ಮಾನ ಸರಿ ಎಂದೇ ನಾನು ಹೇಳುತ್ತೇನೆ. ಯಾರ ಹೆಸರಿನ ರಸೀದಿಯ ಮೇಲೆ ಗಾಡಿ ಹೋಗುತ್ತಿದೆ ಎಂದು ಗೊತ್ತಿಲ್ಲದೆ ಆರು ಲಕ್ಷದ ವಸ್ತು ಕೊಡುವುದಕ್ಕಿಂತ ಮೂರು ಸಾವಿರ ಕಳೆದುಕೊಳ್ಳುವುದು ವಾಸಿ.

ಆಮೇಲೆ 19,500 ಎಂದಿದ್ದ ಕಂಪನಿಗೆ ಫೋನ್ ಮಾಡಿ, ಈ ಸಲ ಎಲ್ಲವನ್ನೂ ಬರಹದಲ್ಲಿ ಕೇಳಿದರು. ಬಂದ ಕೊಟೇಶನ್ ಹೀಗಿತ್ತು: ಬೆಂಗಳೂರು–ಜೈಪುರ ಬಾಡಿಗೆ 19,500. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಗಾಡಿ ತರುವ ಖರ್ಚು 8,500. ದಾರಿಯಲ್ಲಿ ಹಾನಿಯಾದರೆ ಎಂದು ರಿಸ್ಕ್ ಕವರ್, ಕಾರಿನ ಬೆಲೆಯ ಶೇ. 1.5ರಂತೆ 9,300. ಒಟ್ಟು 37,300. ಅದರ ಮೇಲೆ ಶೇ. 18 ಜಿಎಸ್‌ಟಿ 6,714. ಕೊಡಬೇಕಾದ್ದು 44,014.

ಈ ಹಾಳೆ ಹಿಡಿದುಕೊಂಡು ಯಜಮಾನರು ನಮ್ಮ ಆಫೀಸಿಗೆ ಬಂದರು. "ಇದು ಬರೋಬ್ಬರಿ ಐತೇನ್ರೀ?" ಎಂದು ಕೇಳಿದರು.

ಹಾಳೆಯನ್ನು ಬಿಡಿಸಿ ನೋಡಿದ್ದು

ನಾನು ಮೊದಲು ನೋಡಿದ್ದು 8,500ರ ಸಾಲು. ಬೆಂಗಳೂರಿನಿಂದ ಜೈಪುರಕ್ಕೆ ಟ್ರೈಲರ್ ಯಾವ ದಾರಿ ಹಿಡಿಯುತ್ತದೆ ಎಂದು ಕಂಪನಿಗೆ ಫೋನ್ ಮಾಡಿ ಕೇಳಿದೆ. "ಪುಣೆ, ಅಹಮದಾಬಾದ್ ಮೇಲೆ" ಎಂದರು. ಅಂದರೆ ರಾಷ್ಟ್ರೀಯ ಹೆದ್ದಾರಿ 48. ಬೆಂಗಳೂರು, ತುಮಕೂರು, ಚಿತ್ರದುರ್ಗ, ದಾವಣಗೆರೆ, ಆಮೇಲೆ ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಪುಣೆ. ಮುಂದೆ ಸೂರತ್, ಅಹಮದಾಬಾದ್, ಉದಯಪುರ, ಜೈಪುರ.

ಇವರ ಮನೆಯಿಂದ ಆ ಹೆದ್ದಾರಿಗೆ ಹತ್ತು ನಿಮಿಷದ ದಾರಿ!

ಅಂದರೆ ಈ ಕಾರನ್ನು ಯಾರೋ 400 ಕಿಲೋಮೀಟರ್ ಹಿಂದಕ್ಕೆ ಓಡಿಸಿಕೊಂಡು ಹೋಗಬೇಕು. ಬಂಕಾಪುರ, ಚಳಗೇರಿ, ಹೆಬ್ಬಾಳು ಟೋಲ್‌ಗಳಿಗೆಲ್ಲ ದುಡ್ಡು ಕಟ್ಟಬೇಕು. ಅಲ್ಲಿ ಟ್ರೈಲರಿಗೆ ಏರಿಸಬೇಕು. ಅದೇ ಟ್ರೈಲರ್ ಮರುದಿನ ಅದೇ ಟೋಲ್‌ಗಳನ್ನು ದಾಟಿ ಇವರ ಮನೆ ಹತ್ತಿರದಿಂದಲೇ ಮುಂದಕ್ಕೆ ಹೋಗುತ್ತದೆ. ಆ ಸುತ್ತಿಗೇ 8,500, ಮೇಲೆ ಜಿಎಸ್‌ಟಿ. ಗುರುತಿಲ್ಲದ ಡ್ರೈವರ್ ಕೈಯಲ್ಲಿ ಗಾಡಿ 400 ಕಿಲೋಮೀಟರ್ ಓಡುವ ಭಯ ಬೇರೆ.

"ಗಾಡಿಯನ್ನು ಹುಬ್ಬಳ್ಳಿ ಬೈಪಾಸ್‌ನಲ್ಲೇ ಹತ್ತಿಸಿಕೊಳ್ಳಿ" ಎಂದು ಕೇಳಿದೆವು. ಮೊದಲು ಆಗುವುದಿಲ್ಲ ಎಂದರು. ಅವರ ಕಷ್ಟವನ್ನೂ ಹೇಳಬೇಕು. ಟ್ರೈಲರ್‌ನಲ್ಲಿ ಒಂದು ಕಾರಿನ ಜಾಗ ಬೆಂಗಳೂರಿನಿಂದ ಹುಬ್ಬಳ್ಳಿಯವರೆಗೆ ಖಾಲಿ ಬರಬೇಕು. ಆ ಖಾಲಿ ಜಾಗಕ್ಕೂ ಅವರಿಗೆ ಬಾಡಿಗೆ ಹುಟ್ಟಬೇಕು. ಹಾಗಾಗಿ 19,500ರಲ್ಲಿ ನಾವು ಒಂದು ರೂಪಾಯಿಯನ್ನೂ ಬಿಡಿಸಲು ಹೋಗಲಿಲ್ಲ. ಪೂರ್ತಿ ಬೆಂಗಳೂರು–ಜೈಪುರ ಬಾಡಿಗೆಯನ್ನೇ ಕೊಡುತ್ತೇವೆ, ಹಿಂದಕ್ಕೆ ಹೋಗುವ ಖರ್ಚು ಮಾತ್ರ ತೆಗೆಯಿರಿ ಎಂದೆವು. ದಿನಾಂಕವನ್ನೂ ಅವರಿಗೇ ಬಿಟ್ಟೆವು: ಎಂಟು ದಿನದೊಳಗೆ ಯಾವಾಗ ಬಂದರೂ ಸರಿ, ಹಿಂದಿನ ದಿನ ಹೇಳಿ. ಇದು ಕೆಲಸ ಮಾಡಿತು. ದಾರಿಯಲ್ಲಿ ನಿಲ್ಲಿಸಿ ಹತ್ತಿಸಿಕೊಳ್ಳುವುದಕ್ಕೆ 2,000 ಕೇಳಿದರು, ಒಪ್ಪಿದೆವು.

ಬಾಡಿಗೆ ಬಗ್ಗೆ ಇನ್ನೊಂದು ಮಾತು. ಇದು ಕಿಲೋಮೀಟರ್ ಲೆಕ್ಕದ ಮೇಲೆ ನಿಲ್ಲುವ ವ್ಯಾಪಾರ ಅಲ್ಲ. ಟ್ರೈಲರ್ ಯಾವ ಕಡೆಗೆ ತುಂಬಿ ಹೋಗುತ್ತದೆ, ಯಾವ ಕಡೆಗೆ ಖಾಲಿ ಬರುತ್ತದೆ ಎನ್ನುವುದರ ಮೇಲೆ ನಿಲ್ಲುತ್ತದೆ. ಮಾನೇಸರ್, ಗುಜರಾತ್ ಕಡೆಯಿಂದ ಹೊಸ ಕಾರು ತುಂಬಿಕೊಂಡು ದಕ್ಷಿಣಕ್ಕೆ ಬಂದ ಟ್ರೈಲರ್ ಖಾಲಿ ಹಿಂದಿರುಗಿದರೆ ನಷ್ಟ. ಬಿಡದಿಯ ಇಲ್ಲವೇ ಪೆನುಕೊಂಡದ ಕಾರ್ಖಾನೆಯಿಂದ ಹೊಸ ಕಾರು ಸಿಕ್ಕರೆ ಸರಿ, ಇಲ್ಲವೆಂದರೆ ಇಂಥ ಖಾಸಗಿ ಕಾರುಗಳೇ ಅದರ ರಿಟರ್ನ್ ಲೋಡು. ಅದಕ್ಕೇ ಅದೇ ಎರಡು ಊರಿನ ನಡುವೆ ಹೋಗುವ ದರ ಒಂದು, ಬರುವ ದರ ಇನ್ನೊಂದು. ದೊಡ್ಡ ಊರಿಂದ ದೊಡ್ಡ ಊರಿಗೆ ಅಗ್ಗ. ದಾರಿ ಬಿಟ್ಟು ಐವತ್ತು ಕಿಲೋಮೀಟರ್ ಒಳಗಿರುವ ಊರಿಗೆ ದುಬಾರಿ. ಏಪ್ರಿಲ್‌ನಿಂದ ಜೂನ್‌ವರೆಗೆ ವರ್ಗಾವಣೆ, ಶಾಲೆ ಶುರುವಾಗುವ ಕಾಲ, ಆಗ ಎಲ್ಲರಿಗೂ ಟ್ರೈಲರ್ ಬೇಕು, ದರ ಏರುತ್ತದೆ. ಗಾಡಿ ಎತ್ತರ, ಉದ್ದ ಜಾಸ್ತಿ ಇದ್ದರೆ ಜಾಗ ಜಾಸ್ತಿ ಬೇಕು, ಅದಕ್ಕೂ ದುಡ್ಡು. ಸ್ಟಾರ್ಟ್ ಆಗದ ಗಾಡಿಯಾದರೆ ಎಳೆದು ಹತ್ತಿಸುವ ಖರ್ಚು ಬೇರೆ.

ರಿಸ್ಕ್ ಕವರ್ ಎಂಬ 9,300

ಎರಡನೇ ತಿರುವು ಇಲ್ಲಿದೆ. ನಿಜ ಹೇಳಬೇಕೆಂದರೆ, ಜನ ಹೆಚ್ಚು ದುಡ್ಡು ಕಳೆದುಕೊಳ್ಳುವುದೂ ಈ ಸಾಲಿನಲ್ಲೇ.

ನಾನು ಮೂರು ವಿಷಯ ಕೇಳಿದೆ. ಈ 9,300ಕ್ಕೆ ಇನ್ಶೂರೆನ್ಸ್ ಕಂಪನಿಯ ಪಾಲಿಸಿ ಪತ್ರ ನಮ್ಮ ಗಾಡಿ ನಂಬರ್ ಹಾಕಿ ಕೊಡುತ್ತೀರಾ? "ಇಲ್ಲ, ಅದು ನಮ್ಮ ಕಂಪನಿಯ ಕವರ್" ಎಂದರು. ಸಣ್ಣ ಗೀರಿಗೆ ಸಿಗುತ್ತದಾ? "ಇಲ್ಲ." ಕೊಡದಿದ್ದರೆ ಗಾಡಿ ಒಯ್ಯುವುದಿಲ್ಲವಾ? ಸ್ವಲ್ಪ ತಡೆದು, "ಒಯ್ತೀವಿ, ಓನರ್ಸ್ ರಿಸ್ಕ್ ಅಂತ ಬರೀತೀವಿ" ಎಂದರು. ಅಂದರೆ ಹಾನಿಯಾದರೆ ಅದು ಮಾಲೀಕರ ಪಾಲಿಗೆ.

ಆಮೇಲೆ ಮೇಡಂ ತಮ್ಮ ಕಾರಿನ ಇನ್ಶೂರೆನ್ಸ್ ಪಾಲಿಸಿ ತೆಗೆದರು. ಅದು ಬರೀ ಥರ್ಡ್ ಪಾರ್ಟಿ ಅಲ್ಲ, ಪೂರ್ತಿ ಪ್ಯಾಕೇಜ್ ಪಾಲಿಸಿ. ನಮ್ಮ ದೇಶದ ಇಂಥ ಪಾಲಿಸಿಯ ಸ್ವಂತ ಹಾನಿ ಭಾಗದಲ್ಲಿ ಬೆಂಕಿ, ಕಳವು, ಅಪಘಾತದ ಜೊತೆ ಇನ್ನೊಂದು ಸಾಲು ಇರುತ್ತದೆ: ರಸ್ತೆ, ರೈಲು, ಒಳನಾಡ ಜಲಮಾರ್ಗ, ಲಿಫ್ಟ್, ವಿಮಾನದಲ್ಲಿ ಗಾಡಿ ಸಾಗುವಾಗ ಆಗುವ ಹಾನಿಯೂ ಸೇರುತ್ತದೆ ಎಂದು. ಬಹಳ ಜನ ಈ ಸಾಲನ್ನು ಓದಿಯೇ ಇರುವುದಿಲ್ಲ. ಅವರ ಪಾಲಿಸಿಯಲ್ಲಿ ಅದು ಇತ್ತು. ಅವಧಿಯೂ ಡಿಸೆಂಬರ್‌ವರೆಗೆ ಇತ್ತು. ಇನ್ಶೂರೆನ್ಸ್ ಕಂಪನಿಗೆ ಒಂದು ಇಮೇಲ್ ಹಾಕಿ ಇದನ್ನು ಖಚಿತ ಮಾಡಿಕೊಂಡರು.

ಕಾನೂನಿನ ಆಸರೆಯೂ ಸ್ವಲ್ಪ ಇದೆ. ರಸ್ತೆ ಸಾಗಣೆದಾರರಿಗೆ ಅನ್ವಯಿಸುವ 2007ರ ಕೇಂದ್ರ ಕಾಯ್ದೆ ಮತ್ತು 2011ರ ನಿಯಮಗಳ ಪ್ರಕಾರ, ಹೆಚ್ಚಿನ ರಿಸ್ಕ್ ದರ ಕೊಡದಿದ್ದರೆ ಸಾಗಣೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಮಿತಿ. ಹೊಣೆ ಪೂರ್ತಿ ಇಲ್ಲವೇ ಇಲ್ಲ ಎನ್ನುವುದು ಸರಿಯಲ್ಲ, ಪೂರ್ತಿ ಇದೆ ಎನ್ನುವುದೂ ಸರಿಯಲ್ಲ. ದಾವೆ ಹೂಡಬೇಕೆಂದರೆ ಬುಕಿಂಗ್ ಆದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು.

ಈ ಎರಡನ್ನೂ ಇಟ್ಟುಕೊಂಡು ಯೋಚಿಸಿ, ರಿಸ್ಕ್ ಕವರ್ ಬೇಡ ಎಂದು ತೀರ್ಮಾನ ಮಾಡಿದರು. ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದಿದ್ದರೆ ನಾನು ಹೀಗೆ ಹೇಳುತ್ತಿರಲಿಲ್ಲ. ಆಗ ಇನ್ಶೂರೆನ್ಸ್ ಕಂಪನಿಯ ನಿಜವಾದ ಟ್ರಾನ್ಸಿಟ್ ಪಾಲಿಸಿ ಕೊಡುವ ಸಾಗಣೆದಾರರನ್ನೇ ಹುಡುಕಬೇಕಿತ್ತು.

ಕೊನೆಯ ಲೆಕ್ಕ: ಬಾಡಿಗೆ 19,500, ಹುಬ್ಬಳ್ಳಿ ಲೋಡಿಂಗ್ 2,000, ಜಿಎಸ್‌ಟಿ 3,870. ಒಟ್ಟು 25,370. ಅರ್ಧ ಹಣ ಲೋಡ್ ಆದ ಮೇಲೆ, ಉಳಿದರ್ಧ ಗಾಡಿ ಕೈಗೆ ಬಂದ ಮೇಲೆ. ಜೈಪುರದಲ್ಲಿ ಮನೆ ಬಾಗಿಲಿಗೆ ತರುವುದು ಬೇಡ, ಅಜ್ಮೀರ್ ರಸ್ತೆಯ ಯಾರ್ಡಿಗೆ ಮೇಡಂ ತಾವೇ ಹೋಗುತ್ತಾರೆ ಎಂದು ಬರೆಸಿದೆವು. ದೊಡ್ಡ ಟ್ರೈಲರ್ ಊರೊಳಗೆ ಬರುವುದಿಲ್ಲ. ಮನೆಗೆ ಎಂದರೆ ಮತ್ತೆ ಯಾರೋ ಓಡಿಸಿಕೊಂಡೇ ಬರಬೇಕು.

ಲೋಡ್ ಮಾಡಿದ ದಿನ

ಜೂನ್ ಎರಡನೇ ವಾರ, ಸಂಜೆ ಐದೂವರೆ. ಬೈಪಾಸ್ ರಸ್ತೆಯ ಮೇಲೆ ನಿಲ್ಲಿಸಿ ಹತ್ತಿಸುವುದಕ್ಕೆ ನಾನು ಒಪ್ಪಲಿಲ್ಲ. ಆ ರಸ್ತೆಯಲ್ಲಿ ಎಷ್ಟು ಅಪಘಾತ ಆಗಿವೆ ಎಂದು ಇಲ್ಲಿಯವರಿಗೆಲ್ಲ ಗೊತ್ತು. ಗಬ್ಬೂರು ಹತ್ತಿರದ ಒಂದು ಪೆಟ್ರೋಲ್ ಬಂಕಿನ ಹಿಂದಿನ ಖಾಲಿ ಜಾಗ ಕೇಳಿ ಇಟ್ಟುಕೊಂಡಿದ್ದೆ.

ಡಿಕ್ಕಿ ತೆಗೆದಾಗ ಒಳಗೆ ಒಂದು ಗೋಣಿಚೀಲ, ಒಂದು ಡಬ್ಬಿ ಇತ್ತು. ಮೇಡಂ ಅವರ ಅತ್ತೆ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಹಿಂಡಿ, ಒಂದು ಮಿಕ್ಸಿ ಎಲ್ಲ ಕಟ್ಟಿ ಇಟ್ಟಿದ್ದರು. ಇಳಿಸಬೇಕಾಯಿತು. ಕಾರಿನೊಳಗಿನ ಸಾಮಾನಿಗೆ ಯಾರೂ ಹೊಣೆ ಅಲ್ಲ, ದಾರಿಯಲ್ಲಿ ತಪಾಸಣೆ ಆದರೆ ತಕರಾರು. ಆ ಹಿರಿಯರ ಮುಖ ನೋಡಿ ನನಗೂ ಬೇಜಾರಾಯಿತು. ಮೊದಲೇ ಹೇಳಬೇಕಿತ್ತು.

ಪೆಟ್ರೋಲ್ ಕಾಲು ಟ್ಯಾಂಕ್ ಮಾತ್ರ ಇತ್ತು. ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ ಎಲ್ಲದರ ಜೆರಾಕ್ಸ್ ಮಾತ್ರ ಕೊಟ್ಟೆವು. ಒಂದು ಕೀಲಿ ಕೊಟ್ಟು ಇನ್ನೊಂದನ್ನು ಇಟ್ಟುಕೊಂಡರು. ಯಜಮಾನರು ಕಾರಿನ ಸುತ್ತ ಎರಡು ಸುತ್ತು ನಿಧಾನಕ್ಕೆ ನಡೆದು ವಿಡಿಯೋ ಮಾಡಿದರು. ಪ್ರತಿ ಬಾಗಿಲು, ಎರಡೂ ಬಂಪರ್‌ಗಳ ಕೆಳಗಿನ ಅಂಚು, ನಾಲ್ಕೂ ಗಾಲಿ, ಕೊನೆಗೆ ಮೀಟರ್: 41,286. ಎಲ್‌ಆರ್ ಎಂಬ ಲಾರಿ ರಸೀದಿಯ ಮೇಲೂ ಅದೇ ಅಂಕಿ ಬರೆಸಿದೆವು. ಕಂಪನಿಯ ಹೆಸರು, ಜಿಎಸ್‌ಟಿ ನಂಬರ್ ಕೊಟೇಶನ್ ಜೊತೆ ತಾಳೆ ನೋಡಿದೆವು. ಟ್ರೈಲರ್ ಹಿಂದಿನ ಎರಡು ಕಬ್ಬಿಣದ ಹಲಗೆ ಇಳಿಸಿ, ಕಾರು ಹತ್ತಿಸಿ, ಗಾಲಿಗೆ ಅಡೆ ಕೊಟ್ಟು ಬೆಲ್ಟ್ ಬಿಗಿದರು. ಕೊನೆಯ ಜಾಗ ಇದಕ್ಕೇ ಸಿಕ್ಕಿತ್ತು.

ದಾರಿಯಲ್ಲಿ

ಅದೇ ರಾತ್ರಿ ಹನ್ನೊಂದು ಮುಕ್ಕಾಲಿಗೆ ನನ್ನ ಫೋನ್ ಬಡಿಯಿತು. ಯಜಮಾನರ ದನಿ ನಡುಗುತ್ತಿತ್ತು. "ಸರ, ಹಿರೇಬಾಗೇವಾಡಿ ಟೋಲ್‌ನಾಗ ದುಡ್ಡು ಕಟ್ ಆಗೇತ್ರಿ. ನಮ್ಮ ಗಾಡಿ ಯಾರೋ ಓಡಸಾಕತ್ತಾರ್ರೀ."

ಡ್ರೈವರಿಗೆ ಫೋನ್ ಮಾಡಿದೆ. ಆ ಮನುಷ್ಯ ಒಳ್ಳೆಯವನು. ಬೈಯಲಿಲ್ಲ. ಮುಂದೆ ಒಂದು ಡಾಬಾದಲ್ಲಿ ನಿಲ್ಲಿಸಿ ವಿಡಿಯೋ ಕಾಲ್ ಮಾಡಿದ. ಟಾರ್ಚ್ ಬೆಳಕಿನಲ್ಲಿ ಟ್ರೈಲರ್ ಮೇಲೆ ಕಾರು, ಗಾಲಿಗೆ ಬಿಗಿದ ಬೆಲ್ಟು ಕಾಣಿಸಿತು. ತುದಿಯಲ್ಲಿದ್ದ ಕಾರಿನ ಗಾಜಿನ ಮೇಲಿನ ಫಾಸ್ಟ್ಯಾಗ್ ಅನ್ನು ಟೋಲ್ ಯಂತ್ರ ಓದಿಬಿಟ್ಟಿತ್ತು. ಇದು ನನ್ನ ತಪ್ಪು. ಲೋಡ್ ಮಾಡುವ ಮುಂಚೆ ಟ್ಯಾಗ್ ಮೇಲೆ ಅಲ್ಯೂಮಿನಿಯಂ ಫಾಯಿಲ್ ಮುಚ್ಚಿಸಬೇಕಿತ್ತು, ಮರೆತಿದ್ದೆ. ಒಂದು ಕುಟುಂಬ ಅರ್ಧ ರಾತ್ರಿ ನಿದ್ದೆಗೆಟ್ಟಿತು. ಡ್ರೈವರ್ ಅಲ್ಲೇ ಒಳಗಿನಿಂದ ಟ್ಯಾಗ್ ಮುಚ್ಚಿದ. ಮರುದಿನ ಹೆದ್ದಾರಿ ಸಹಾಯವಾಣಿ 1033ಕ್ಕೆ ಮತ್ತು ಟ್ಯಾಗ್ ಕೊಟ್ಟ ಬ್ಯಾಂಕಿಗೆ ದೂರು ಕೊಟ್ಟರು, ಎರಡು ವಾರಕ್ಕೆ ಹಣ ವಾಪಸ್ ಬಂತು.

ಹತ್ತು ದಿನ ಎಂದಿದ್ದು ಹದಿಮೂರು ದಿನ ಆಯಿತು. ಪುಣೆ ಹತ್ತಿರ ಎರಡು ಕಾರು ಇಳಿಸಿ, ಬೇರೆ ಎರಡು ಸಿಗುವವರೆಗೆ ಟ್ರೈಲರ್ ಮೂರು ದಿನ ನಿಂತಿತ್ತು. ಹಂಚಿಕೊಂಡ ಟ್ರೈಲರ್‌ನಲ್ಲಿ ಇದು ಇರುವುದೇ. ಮೇಡಂ ಮೊದಲೇ ಕೆಲಸಕ್ಕೆ ಸೇರಿ, ಎರಡು ವಾರ ಕಾರಿಲ್ಲದೆ ಓಡಾಡುವ ತಯಾರಿ ಮಾಡಿಕೊಂಡಿದ್ದರಿಂದ ತೊಂದರೆ ಆಗಲಿಲ್ಲ.

ಯಾರ್ಡಿನಲ್ಲಿ

ಕಾರು ಧೂಳಿನಿಂದ ಬೂದು ಬಣ್ಣಕ್ಕೆ ತಿರುಗಿತ್ತು. ಅಂಥ ಗಾಡಿಯಲ್ಲಿ ಗೀರು ಕಾಣುವುದಿಲ್ಲ. ಮೇಡಂ ಎರಡು ಬಾಟಲಿ ನೀರು, ಒಂದು ಹಳೇ ಟವೆಲ್ ಒಯ್ದಿದ್ದರು. ಸಹಿ ಹಾಕುವ ಮೊದಲು ಬಾಗಿಲು, ಬಂಪರ್ ಎಲ್ಲ ಒರೆಸಿ ನೋಡಿದರು. ಮುಂದಿನ ಬಂಪರ್‌ನ ಎಡಗಡೆ ಕೆಳ ಅಂಚಿನಲ್ಲಿ ಒಂದು ಗೇಣು ಉದ್ದದ ಹೊಸ ಗೀರು. ಹಲಗೆ ತಾಗಿದ್ದು. ಮೀಟರ್ 41,301, ಅಂದರೆ ಹದಿನೈದು ಕಿಲೋಮೀಟರ್ ಮಾತ್ರ ಜಾಸ್ತಿ.

ಯಾರ್ಡಿನವರು ಹಳೇ ಗೀರು ಎಂದರು. ಮೇಡಂ ಗಬ್ಬೂರಿನ ವಿಡಿಯೋ ತೋರಿಸಿದರು. ಅದೇ ಅಂಚು, ಗೀರಿಲ್ಲದೆ, ದಿನಾಂಕ ಮತ್ತು ಸಮಯ ಸಮೇತ. ರಸೀದಿಯ ಡೆಲಿವರಿ ಪ್ರತಿಯ ಮೇಲೆ ಗೀರಿನ ವಿಷಯ ಬರೆದ ಮೇಲೆಯೇ ಸಹಿ ಹಾಕಿದರು. ಬಾಕಿ ಹಣದಲ್ಲಿ 2,500 ಬಿಡುತ್ತೇವೆ ಎಂದು ಕಂಪನಿ ಒಪ್ಪಿತು. ಅವರು ತೆಗೆದುಕೊಂಡರು. ಇನ್ಶೂರೆನ್ಸ್ ಕ್ಲೇಮ್ ಮಾಡಲಿಲ್ಲ. ಅಷ್ಟು ಸಣ್ಣದಕ್ಕೆ ಕ್ಲೇಮ್ ಮಾಡಿ ನೋ ಕ್ಲೇಮ್ ಬೋನಸ್ ಕಳೆದುಕೊಳ್ಳುವುದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಅರ್ಧ ಬಾಕಿ ಉಳಿಸಿಕೊಂಡಿದ್ದಕ್ಕೆ ಈ ಮಾತುಕತೆ ಹತ್ತು ನಿಮಿಷದಲ್ಲಿ ಮುಗಿಯಿತು ಎಂದು ನನ್ನ ಅನಿಸಿಕೆ.

ಮೊದಲೇ ಕೇಳಬೇಕಿದ್ದ ಪ್ರಶ್ನೆ

ಇಷ್ಟೆಲ್ಲ ಆದ ಮೇಲೆ ನಾವು ಕೂತು ಮಾತಾಡಿದಾಗ, ಎಲ್ಲಕ್ಕಿಂತ ದೊಡ್ಡ ಖರ್ಚನ್ನು ನಾವು ಯಾರೂ ಮೊದಲು ನೋಡಿರಲಿಲ್ಲ ಎಂದು ಗೊತ್ತಾಯಿತು. ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಪ್ರಕಾರ ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಬೇರೆ ರಾಜ್ಯದಲ್ಲಿದ್ದರೆ ಅಲ್ಲಿಯ ನಂಬರ್ ಪಡೆಯಬೇಕು. ಅದಕ್ಕೆ ಇಲ್ಲಿಯ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ, ಅಂದರೆ ಇಲ್ಲಿಯ ತಕರಾರಿಲ್ಲ ಎಂಬ ಪತ್ರ, ಅಲ್ಲಿ ಮತ್ತೆ ರಸ್ತೆ ತೆರಿಗೆ. ಇಲ್ಲಿ ಕಟ್ಟಿದ ಜೀವಿತಾವಧಿ ತೆರಿಗೆಯ ಉಳಿದ ಭಾಗಕ್ಕೆ ಬೇರೆ ಅರ್ಜಿ. ಆ ತೆರಿಗೆಯ ಮುಂದೆ ಟ್ರೈಲರ್ ಬಾಡಿಗೆ ಚಿಕ್ಕದಾಗಬಹುದು. ಹಳೇ ಗಾಡಿಯಾದರೆ ಇಲ್ಲೇ ಮಾರಿ ಅಲ್ಲಿ ಕೊಳ್ಳುವುದೇ ಸರಿ ಎಂಬ ಉತ್ತರವೂ ಬರಬಹುದು.

ಇವರಿಗೆ ಒಂದು ಅನುಕೂಲ ಇತ್ತು. ರಾಜ್ಯ ಬದಲಾದರೂ ನಂಬರ್ ಬದಲಿಸಬೇಕಿಲ್ಲದ, 2021ರಲ್ಲಿ ಬಂದ ಬಿಎಚ್ (ಭಾರತ್) ಸರಣಿಯ ನಂಬರ್ ಸರ್ಕಾರಿ ಮತ್ತು ಸಾರ್ವಜನಿಕ ವಲಯದ ನೌಕರರಿಗೆ ಸಿಗುತ್ತದೆ. ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯವರಿಗೂ ಸಿಗುತ್ತದೆ. 2022ರ ಡಿಸೆಂಬರ್ ತಿದ್ದುಪಡಿಯ ನಂತರ, ಮೊದಲೇ ಸಾಮಾನ್ಯ ನಂಬರ್ ಇರುವ ಗಾಡಿಯನ್ನೂ ತೆರಿಗೆ ಕಟ್ಟಿ ಬಿಎಚ್‌ಗೆ ಬದಲಿಸಬಹುದು. ಮತ್ತೆ ಮತ್ತೆ ಊರು ಬದಲಿಸುವವರಿಗೆ ಇದು ಒಳ್ಳೆಯ ದಾರಿ. ಮೇಡಂ ಈಗ ಅದರ ಅರ್ಜಿ ಹಾಕಿದ್ದಾರೆ.

ಮೊನ್ನೆ ಅವರದೇ ಶಾಖೆಯ ಇನ್ನೊಬ್ಬ ಅಧಿಕಾರಿ ಬಂದಿದ್ದರು. ಲಖನೌಗೆ ವರ್ಗಾವಣೆ. "ನಮ್ಮ ಗಾಡಿಯನ್ನೂ ಗಬ್ಬೂರಿನಲ್ಲೇ ಹತ್ತಿಸಿ" ಎಂದರು. ಟ್ರೈಲರ್ ದಾರಿ ಕೇಳಿದೆ. ಹೈದರಾಬಾದ್, ನಾಗ್ಪುರ, ಝಾನ್ಸಿ ಮೇಲೆ, ಅಂದರೆ ಹೆದ್ದಾರಿ 44. ಆ ದಾರಿಗೆ ಹುಬ್ಬಳ್ಳಿ ಬರುವುದೇ ಇಲ್ಲ. ಹಾಗಾಗಿ ಅವರು ಒಂದು ಭಾನುವಾರ ತಾವೇ ಕಾರು ಓಡಿಸಿಕೊಂಡು ನೆಲಮಂಗಲದ ಯಾರ್ಡಿಗೆ ಮುಟ್ಟಿಸಿ, ರಾತ್ರಿ ರೈಲಿಗೆ ವಾಪಸ್ ಬಂದರು. ಹೋಗುವ ಮುಂಚೆ ಫಾಯಿಲ್ ತುಂಡು ನಾನೇ ಕತ್ತರಿಸಿ ಕೊಟ್ಟೆ.